ಪೈಥಾನ್: ಒಂದು ನಿರ್ದಿಷ್ಟ ದಿನ ಬದಲಾದ ಫೈಲ್‌ಗಳನ್ನಷ್ಟೇ ಹುಡುಕುವುದು ಹೇಗೆ?

ಪ್ರಶ್ನೆ

ಲಿನಕ್ಸ್ ಸರ್ವರ್‌ನಲ್ಲಿ ಒಂದು ಲಾಗ್ ಫೋಲ್ಡರ್ ಇದೆ, ಒಳಗೆ ಸಬ್‌ಫೋಲ್ಡರ್‌ಗಳೂ ಇವೆ. ಭಾರತೀಯ ಕಾಲಮಾನದಂತೆ 2024ರ ಜೂನ್ 10ರಂದು ಬದಲಾದ ಫೈಲ್‌ಗಳು ಮಾತ್ರ ಬೇಕು. ಸಬ್‌ಫೋಲ್ಡರ್‌ಗಳನ್ನೆಲ್ಲ ಸುತ್ತುವ ಓಎಸ್.ವಾಕ್ ಓಡಿಸಿ, ಗೆಟ್‌ಸಿಟೈಮ್‌ನಿಂದ ಪ್ರತಿ ಫೈಲಿನ ಸಿಟೈಮ್ ತೆಗೆದು, ಅದನ್ನು ತಾರೀಖಾಗಿಸುವ ಫ್ರಮ್‌ಟೈಮ್‌ಸ್ಟ್ಯಾಂಪ್‌ಗೆ ಕೊಟ್ಟು ಹೋಲಿಸುತ್ತಿದ್ದೇನೆ. ಅವತ್ತು ಬೆಳಗಿನ ಜಾವ 2ಕ್ಕೆ ಬರೆದ ಫೈಲ್ ಪಟ್ಟಿಗೆ ಬರುವುದಿಲ್ಲ. ಅವತ್ತು ಸಿಎಚ್‌ಮಾಡ್ ಮಾಡಿದ (ಪರ್ಮಿಷನ್ ಬದಲಿಸಿದ) ಹಳೇ ಫೈಲ್‌ಗಳೆಲ್ಲ ಬರುತ್ತವೆ. ಸರ್ವರ್ ಯುಟಿಸಿಯಲ್ಲಿದೆ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ).

ಉತ್ತರ 1

ಸಿಎಚ್‌ಮಾಡ್ ವಿಷಯ ಮೊದಲು. ಸಿಟೈಮ್ ಅಂದರೆ ಫೈಲ್ ಹುಟ್ಟಿದ ಹೊತ್ತು ಎಂದು ಬಹಳ ಜನ ತಿಳಿದಿರುತ್ತಾರೆ. ಲಿನಕ್ಸ್‌ನಲ್ಲಿ ಅದು ಐನೋಡ್ (ಫೈಲಿನ ವಿವರಗಳ ದಾಖಲೆ) ಕೊನೆಗೆ ಬದಲಾದ ಹೊತ್ತು. ಪರ್ಮಿಷನ್, ಓನರ್ ಬದಲಿಸಿದರೂ ಸಾಕು, ಹೊಸದಾಗುತ್ತದೆ. ನಿಮಗೆ ಬೇಕಾದದ್ದು ಎಂಟೈಮ್, ಅಂದರೆ ಫೈಲಿನ ಒಳಗಿನ ಬರಹ ಕೊನೆಗೆ ಬದಲಾದ ಹೊತ್ತು.

ಇನ್ನು 2 ಗಂಟೆಯ ಫೈಲ್. ಟೈಮ್‌ಝೋನ್ ಕೊಡದಿದ್ದರೆ ಫ್ರಮ್‌ಟೈಮ್‌ಸ್ಟ್ಯಾಂಪ್ ಸರ್ವರ್‌ನ ಸಮಯವನ್ನೇ ಹಿಡಿಯುತ್ತದೆ. ನಮ್ಮ 10ರ ಬೆಳಗಿನ ಜಾವ 2 ಗಂಟೆ ಅಲ್ಲಿ 9ರ ರಾತ್ರಿ 8:30. ಪ್ರತಿ ಫೈಲಿಗೂ ತಾರೀಖು ಮಾಡುವ ಗೋಜೇ ಬೇಡ. ಟೈಮ್‌ಝೋನ್ ಮಾಡ್ಯೂಲ್ ಝೋನ್‌ಇನ್ಫೋದಲ್ಲಿ (ಪೈಥಾನ್ 3.9ರಿಂದ ಇದೆ) ಏಷ್ಯಾ/ಕೋಲ್ಕತಾ ಕೊಟ್ಟು, ದಿನದ ಎರಡು ಗಡಿಗಳನ್ನು ಒಮ್ಮೆ ಮಾತ್ರ (ಎಂಟೈಮ್‌ನಂತೆಯೇ 1970ರ ಆರಂಭದಿಂದ ಎಣಿಸುವ) ಸೆಕೆಂಡುಗಳಿಗೆ ಇಳಿಸಿ:

ಶುರು = 1717957800
ಕೊನೆ = 1718044200

ಶುರು <= ಎಂಟೈಮ್ < ಕೊನೆ

ಕೊನೆಯನ್ನು ದಯವಿಟ್ಟು 23:59:59 ಎಂದು ಬರೆಯಬೇಡಿ. ಎಂಟೈಮ್‌ಗೆ ದಶಾಂಶವೂ ಇರುತ್ತದೆ, 23:59:59.4ಕ್ಕೆ ಬರೆದ ಫೈಲ್ ಕೈತಪ್ಪುತ್ತದೆ.

ಉತ್ತರ 2

ಮೇಲಿನದು ಸರಿ. ಒಂದು ಅಪಾಯ ಉಳಿದಿದೆ: ಓದಲು ಅನುಮತಿಯಿಲ್ಲದ ಸಬ್‌ಫೋಲ್ಡರ್ ಸಿಕ್ಕರೆ ಓಎಸ್.ವಾಕ್ ಸದ್ದಿಲ್ಲದೆ ದಾಟಿಹೋಗುತ್ತದೆ. ಪಟ್ಟಿ ಪೂರ್ತಿ ಇದೆ ಎಂದುಕೊಂಡೇ ಇರುತ್ತೀರಿ. ಅದರ ಆನ್‌ಎರರ್ ಆರ್ಗ್ಯುಮೆಂಟ್‌ಗೆ ಒಂದು ಫಂಕ್ಷನ್ ಕೊಟ್ಟು, ಎರರ್ ಪ್ರಿಂಟ್ ಮಾಡಿಸಿ.

ಲಾಗ್ ಫೋಲ್ಡರ್ ಆದ್ದರಿಂದ ಹೆಸರು ಸಿಕ್ಕ ಮೇಲೆ, ಎಂಟೈಮ್ ಕೇಳುವಷ್ಟರಲ್ಲಿ ಫೈಲ್ ಅಳಿಸಿಹೋಗಿರಬಹುದು. ಫೈಲ್‌ನಾಟ್‌ಫೌಂಡ್‌ಎರರ್ ಹಿಡಿದು ಮುಂದಿನದಕ್ಕೆ ಹೋಗಿ. ಮುರಿದ ಸಿಮ್‌ಲಿಂಕ್‌ಗೂ (ಇಲ್ಲದ ಫೈಲಿನತ್ತ ತೋರಿಸುವ ಲಿಂಕ್) ಇದೇ ಎರರ್ ಬರುತ್ತದೆ. ಲಿಂಕ್‌ನದೇ ಸಮಯ ಬೇಕಿದ್ದರೆ ಓಎಸ್.ಎಲ್‌ಸ್ಟ್ಯಾಟ್ ಬಳಸಿ.

ಕೇಳಿದವರು

ಎಂಟೈಮ್ ಮತ್ತು ಗಡಿ ಬದಲಿಸಿದೆ, 2 ಗಂಟೆಯ ಫೈಲ್ ಬಂತು. ಧನ್ಯವಾದ. ಇದನ್ನೇ ಲಿನಕ್ಸ್‌ನಲ್ಲಿ ಫೈಲ್ ಹುಡುಕುವ ಫೈಂಡ್ ಕಮಾಂಡ್‌ನ -ಎಂಟೈಮ್ 1ರಿಂದ ಮಾಡಬಹುದೇ?

ಉತ್ತರ 3

ಆಗದು. ಅದು ಕಮಾಂಡ್ ಓಡಿಸಿದ ಹೊತ್ತಿನಿಂದ ಹಿಂದಕ್ಕೆ 24 ಗಂಟೆಯ ತುಂಡುಗಳನ್ನು ಎಣಿಸುತ್ತದೆ, ತಾರೀಖು ನೋಡುವುದಿಲ್ಲ. ಗ್ನೂ ಫೈಂಡ್‌ನಲ್ಲಿ, ಕೊಟ್ಟ ಹೊತ್ತಿನ ನಂತರ ಬದಲಾದ ಫೈಲ್‌ಗಳನ್ನು ಹುಡುಕುವ -ನ್ಯೂಯರ್‌ಎಂಟಿ ಇದೆ. "2024-06-10 00:00 +0530" ಎಂದು ಗಡಿಯನ್ನು ಅಲ್ಲೇ ಕೊಡಬಹುದು.

ಯಾವ ದಾರಿ ಹಿಡಿದರೂ ಎಂಟೈಮ್ ಕೊನೆಯ ಬರಹವನ್ನಷ್ಟೇ ಇಟ್ಟುಕೊಳ್ಳುತ್ತದೆ. 10ರಂದು ಶುರುವಾಗಿ 11ರ 00:05ರವರೆಗೆ ಬರೆದ ಲಾಗ್ ನಿಮ್ಮ ಪಟ್ಟಿಗೆ ಬರುವುದಿಲ್ಲ. ಹಾಗಾಗಿ 11ರ ಫೈಲ್‌ಗಳನ್ನೂ ತೆರೆದು, ಮೊದಲ ಸಾಲಿನ ತಾರೀಖು ನೋಡಿ. ಬೇರೆ ಕಡೆಯಿಂದ ಕಾಪಿ ಮಾಡಿದ್ದಾದರೆ ಎಂಟೈಮ್ ಕಾಪಿಯ ಹೊತ್ತೇ ಆಗಿರುತ್ತದೆ. ಮುಂದೆ ಕಾಪಿ ಮಾಡುವಾಗ ಹಳೇ ಎಂಟೈಮ್ ಉಳಿಸುವ ಸಿಪಿ -ಪಿ ಕಮಾಂಡ್ ಅಥವಾ ಪೈಥಾನ್‌ನ ಶಟಿಲ್.ಕಾಪಿ2 ಬಳಸಿ.