ಸರಾಸರಿ ವೇಗ 10 ಬರಬೇಕಿತ್ತು, 9.6 ಏಕೆ ಬಂತು?

ಪ್ರಶ್ನೆ:
ಇಂದು ಬೆಳಿಗ್ಗೆ 6 ಕಿ.ಮೀ. ಓಡಿದೆ. ಮೊದಲ 3 ಕಿ.ಮೀ. ದೂರವನ್ನು ಗಂಟೆಗೆ 12 ಕಿ.ಮೀ. ವೇಗದಲ್ಲಿ, ದಣಿವಾದ ಮೇಲೆ ಉಳಿದ 3 ಕಿ.ಮೀ. ದೂರವನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಮುಗಿಸಿದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 10 ಬರುತ್ತದೆ. ಕೈಗಡಿಯಾರ ಮಾತ್ರ 9.6 ಎನ್ನುತ್ತದೆ. ಅದರ ಕೆಳಗೆ 6:15 ಎಂಬ ಇನ್ನೊಂದು ಅಂಕಿಯೂ ಇದೆ. ತಪ್ಪು ಗಡಿಯಾರದ್ದೋ ನನ್ನದೋ ತಿಳಿಸುವಿರಾ?

ಉತ್ತರ 1:
ಗಡಿಯಾರದ ಲೆಕ್ಕ ಸರಿಯಾಗಿದೆ. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದಾಗ ಸಿಗುವುದೇ ಸರಾಸರಿ ವೇಗ. ಮೊದಲರ್ಧಕ್ಕೆ ನಿಮಗೆ 15 ನಿಮಿಷ ಹಿಡಿದಿದ್ದರೆ, ಎರಡನೆಯ ಅರ್ಧಕ್ಕೆ 22 ನಿಮಿಷ 30 ಸೆಕೆಂಡು ಹಿಡಿದಿದೆ, ಒಟ್ಟು 37.5 ನಿಮಿಷ, ಅಂದರೆ 0.625 ಗಂಟೆ. 6 ಕಿ.ಮೀ.ಯನ್ನು ಇದರಿಂದ ಭಾಗಿಸಿದರೆ 9.6 ಬರುತ್ತದೆ. ದೂರ ಸಮನಾಗಿದ್ದರೂ ನಿಧಾನವಾಗಿ ಓಡಿದ ಭಾಗದಲ್ಲಿ ನೀವು ಹೆಚ್ಚು ಹೊತ್ತು ಇದ್ದುದರಿಂದ, ಸರಾಸರಿ ಆ ಕಡೆಗೇ ವಾಲಿದೆ. ಎರಡೂ ವೇಗಗಳಲ್ಲಿ ಸಮನಾದ ಹೊತ್ತು ಓಡಿದ್ದರೆ ನಿಮ್ಮ 10 ನಿಜವಾಗುತ್ತಿತ್ತು.

ಇನ್ನು 6:15 ಎಂಬುದು ಒಂದು ಕಿಲೋಮೀಟರಿಗೆ ತಗುಲಿದ ಸಮಯ. ಓಟಗಾರರು ಇದನ್ನು ಪೇಸ್ ಎನ್ನುತ್ತಾರೆ. 37.5ನ್ನು 6ರಿಂದ ಭಾಗಿಸಿದಾಗ ಬರುವ 6.25ನ್ನು 6 ನಿಮಿಷ 25 ಸೆಕೆಂಡು ಎಂದು ಓದಿಬಿಡುವವರು ಬಹಳ ಮಂದಿ. ಕಾಲು ನಿಮಿಷವೆಂದರೆ 15 ಸೆಕೆಂಡು ಎಂಬುದನ್ನು ದಯವಿಟ್ಟು ನೆನಪಿಡಿ.

ಉತ್ತರ 2:
ಪ್ರತಿ ಕಿಲೋಮೀಟರಿನ ಸಮಯವನ್ನು ಬರೆದಿಡುವವರಿಗೆ ಪೇಸ್ ಹೆಚ್ಚು ಅನುಕೂಲ. ದೂರಗಳು ಸಮನಾಗಿದ್ದಾಗ ಪೇಸ್‌ಗಳನ್ನು ನೇರವಾಗಿ ಕೂಡಿಸಿ ಸರಾಸರಿ ತೆಗೆಯಬಹುದು: ನಿಮ್ಮ ಎರಡು ಅರ್ಧಗಳ ಪೇಸ್‌ಗಳಾದ 5:00 ಮತ್ತು 7:30ರ ನಡುವಿನದು 6:15. ನೀವು ವೇಗಗಳಿಗೆ ಮಾಡಿದ ಲೆಕ್ಕ ಇಲ್ಲಿ ಸರಿಹೊಂದುತ್ತದೆ.

ಪ್ರಶ್ನೆ ಕೇಳಿದವರು:
ಈಗ ಸ್ಪಷ್ಟವಾಯಿತು, ಧನ್ಯವಾದಗಳು. ನಡುವೆ ನೀರು ಕುಡಿಯಲು ಎರಡೂವರೆ ನಿಮಿಷ ನಿಂತಿದ್ದೆ. ಆಗ ಗಡಿಯಾರ ತಾನಾಗಿಯೇ ನಿಂತಿತ್ತು. ಅದನ್ನೂ ಸೇರಿಸಬೇಕೆ?

ಉತ್ತರ 1:
ಸೇರಿಸಿದರೆ 40 ನಿಮಿಷವಾಗಿ ವೇಗ 9ಕ್ಕೆ ಇಳಿಯುತ್ತದೆ, ಪೇಸ್ 6:40ಕ್ಕೆ ಏರುತ್ತದೆ. ಸ್ಪರ್ಧೆಗೆ ಸಿದ್ಧರಾಗುತ್ತಿದ್ದರೆ ಸೇರಿಸಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಲ್ಲಿ ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. 2023ರಲ್ಲಿ ಕೀನ್ಯಾದ ಮ್ಯಾರಥಾನ್ ಓಟಗಾರ ಕೆಲ್ವಿನ್ ಕಿಪ್ಟಮ್ ಶಿಕಾಗೋದಲ್ಲಿ 42.195 ಕಿ.ಮೀ.ಯನ್ನು 2 ಗಂಟೆ 35 ಸೆಕೆಂಡುಗಳಲ್ಲಿ, ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ಸರಾಸರಿಯಲ್ಲಿ ಓಡಿದಾಗಲೂ ಆರಂಭದಿಂದ ಅಂತ್ಯದವರೆಗಿನ ಪ್ರತಿ ಕ್ಷಣವೂ ಲೆಕ್ಕಕ್ಕೆ ಬಂದಿತ್ತು. ನಿಮ್ಮ ದೈನಂದಿನ ಅಭ್ಯಾಸಕ್ಕಾದರೆ ಯಾವುದಾದರೂ ಒಂದು ಕ್ರಮವನ್ನು ಆರಿಸಿಕೊಂಡು ಅದನ್ನೇ ಮುಂದುವರಿಸಿ. ಒಂದು ದಿನದ 9.6ನ್ನು ಇನ್ನೊಂದು ದಿನದ 9ರೊಂದಿಗೆ ಹೋಲಿಸಿ ವೃಥಾ ಕುಗ್ಗಬೇಡಿ.