ನಕ್ಷತ್ರದ ಕೋಟೆಗೆ ಮೂಲೆ ಯಾಕೆ?

ತುಂಗಾತೀರ: ಸಕಲೇಶಪುರದ ಮಂಜರಾಬಾದ್ ಕೋಟೆಗೆ ಎಂಟು ಮೂಲೆ. ಶಿವಮೊಗ್ಗ ಕಡೆಯ ನಮಗೆ ಇದು ಬರೀ ಶೋಕಿ ಅನ್ಸುತ್ತೆ. ಯುರೋಪಿನವರು ಈ ಆಕಾರಕ್ಕೆ ಯಾಕೆ ಬಂದ್ರು? ಇಂಥದ್ದನ್ನ ಹಿಡೀತಿದ್ದದ್ದು ಹೇಗೆ?

ಕೊತ್ತಲ: ಶೋಕಿ ಅಲ್ಲ ಮಾರಾಯ್ರೆ. ದುಂಡು ಬುರುಜಿನ ಮುಂದೆ, ಅಕ್ಕಪಕ್ಕದ ಬುರುಜಿನ ಗುಂಡು ತಾಗದ ಒಂದು ತುಂಡು ಜಾಗ ಉಳಿಯುತ್ತೆ. ಶತ್ರು ಅಲ್ಲಿ ಕೂತು ಬುಡಕ್ಕೆ ಸುರಂಗ ತೋಡ್ತಾನೆ. ಬುರುಜಿನ ಮೂತಿ ಚೂಪು ಮಾಡಿದ್ರೆ ಆ ಮರೆಯೇ ಇಲ್ಲ. ಪಕ್ಕದ ಬುರುಜಿನ ಗುಂಡು ಗೋಡೆಗುಂಟ ಸವರಿಕೊಂಡು ಹೋಗುತ್ತೆ. ಗೋಡೆ ತಗ್ಗು, ದಪ್ಪ, ಒಳಗೆ ಮಣ್ಣು. ಫಿರಂಗಿ ಗುಂಡನ್ನ ಮಣ್ಣು ನುಂಗುತ್ತೆ, ಬರೀ ಕಲ್ಲಾದ್ರೆ ಸಿಡಿಯುತ್ತೆ.

ಹಾರೆಗುದ್ದಲಿ: ಹಿಡಿಯೋ ಕ್ರಮಕ್ಕೆ ಒಂದು ಲೆಕ್ಕ ತಂದವನು ಫ್ರಾನ್ಸಿನ ಸೇನಾ ಎಂಜಿನಿಯರ್ ವೊಬಾನ್, ಈಗಿನ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಊರಿನ 1673ರ ಮುತ್ತಿಗೇಲಿ. ಕೋಟೆಗೆ ಸಮಾನಾಂತರವಾಗಿ ಒಂದರ ಮುಂದೊಂದು, ಮುತ್ತಿಗೆ ಹಾಕಿದವರು ಮರೆಗೆ ತೋಡೋ ಮೂರು ಅಗಳ, ಮೊದಲನೇದು ಸುಮಾರು 550 ಮೀಟರ್ ದೂರದಲ್ಲಿ. ಅವನ್ನ ಕೂಡಿಸೋ ದಾರಿ ಅಂಕುಡೊಂಕು. ನೆಟ್ಟಗೆ ತೋಡಿದ್ರೆ ಒಂದೇ ಗುಂಡು ಉದ್ದಕ್ಕೂ ಹಾದು ಸಾಲಾಗಿ ಮಲಗಿಸುತ್ತೆ. ತೋಡೋರಲ್ಲಿ ಎಲ್ಲರಿಗಿಂತ ಮುಂದಿನವನು ತಳವಿಲ್ಲದ ಕುಕ್ಕೆ ನಿಲ್ಲಿಸಿ, ಮಂಡಿಯೂರಿ 1.5 ಅಡಿ ಆಳ ತೋಡಿ, ಮಣ್ಣನ್ನ ಅದಕ್ಕೇ ತುಂಬ್ತಾನೆ. ಹಿಂದಿನ ಮೂವರು ತಲಾ ಅರ್ಧ ಅಡಿ ಇಳಿಸಿ 3 ಅಡಿ ಮಾಡ್ತಾರೆ. ಕುಕ್ಕೆಗಳ ನಡುವಿನ ಸಂದಿಗೆ ಕಡ್ಡಿಹೊರೆ ತುರುಕದಿದ್ರೆ ಕೋವಿ ಗುಂಡು ಅಲ್ಲೇ ನುಗ್ಗುತ್ತೆ.

ತುಂಗಾತೀರ: ಇದನ್ನ ಆಗುಂಬೆ ಮಳೇಲಿ ಮಾಡಿದ್ರೆ?

ಹಾರೆಗುದ್ದಲಿ: ಅಗಳ ಹೋಗಿ ಕೆರೆ. ಯುರೋಪಲ್ಲೂ ಮಳೆ ಹಿಡಿದ್ರೆ ಇದೇ ಗೋಳು.