ಪದ ಬೇಕು: ಬೇಸ್‌ಬಾಲ್‌ನ 'ವಾಕ್-ಆಫ್' (ಇವತ್ತು ರಾತ್ರಿಯೊಳಗೆ)

ಸು. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬಾಸ್ಟನ್ ರೆಡ್ ಸಾಕ್ಸ್ ಅಭಿಮಾನಿಗಳು ತಮ್ಮ ತಂಡದ ಹಳೆಯ ಪಂದ್ಯಗಳ ಬಗ್ಗೆ ಮಾತಾಡುವ ವಿಡಿಯೊ ಒಂದಕ್ಕೆ ಕನ್ನಡ ಸಬ್‌ಟೈಟಲ್ ಆಗಬೇಕು. ರಾತ್ರಿ 10ಕ್ಕೆ ಕಳಿಸಬೇಕು. 'ವಾಕ್-ಆಫ್' ಎಂಬ ಮಾತು ಹನ್ನೊಂದು ಕಡೆ ಬರುತ್ತದೆ. ಸಾಲಿಗೆ 42 ಅಕ್ಷರದ ಮಿತಿ, ತೆರೆಯ ಮೇಲೆ ಎರಡೇ ಸಾಲು. ವಿವರಣೆಗೆ ಜಾಗವಿಲ್ಲ, ಪದವೇ ಬೇಕು.

ಮುಖ್ಯ ಸಂದರ್ಭಗಳು ನಾಲ್ಕು. 2004ರ ಅಕ್ಟೋಬರ್ 17, ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ಸರಣಿಯ ನಾಲ್ಕನೇ ಪಂದ್ಯದ 12ನೇ ಇನಿಂಗ್‌ನಲ್ಲಿ ನಮ್ಮ ರೆಡ್ ಸಾಕ್ಸ್‌ನ ಡೇವಿಡ್ ಒರ್ಟೀಸ್ ಹೊಡೆದ ಹೋಮ್ ರನ್ (ಬೇಲಿ ದಾಟಿದ ಹೊಡೆತ). 2003ರಲ್ಲಿ ಯಾಂಕೀಸ್‌ನ ಏರನ್ ಬೂನ್ 11ನೇ ಇನಿಂಗ್‌ನಲ್ಲಿ ಹೊಡೆದದ್ದು. 1978ರಲ್ಲಿ ಯಾಂಕೀಸ್‌ನ ಬಕಿ ಡೆಂಟ್ ಹೊಡೆದದ್ದು. 1986ರಲ್ಲಿ ರೆಡ್ ಸಾಕ್ಸ್ ಫೀಲ್ಡರ್ ಬಿಲ್ ಬಕ್ನರ್ ಕಾಲಸಂದಿಯಲ್ಲಿ ಚೆಂಡು ನುಸುಳಿದ್ದು. ಸದ್ಯಕ್ಕೆ ಎಲ್ಲ ಕಡೆ 'ಗೆಲುವಿನ ಹೊಡೆತ' ಎಂದು ಹಾಕಿಟ್ಟಿದ್ದೇನೆ. ನಡೆಯುತ್ತದೆಯೇ?

ಎಚ್.ಕೆ.:

ಮುಗಿಹೊಡೆತ. ಮತ್ತೆ, ಅದು ಸಬ್‌ಟೈಟಲ್ ಅಲ್ಲ, ಅಡಿಬರಹ.

ಗು.:

ಸು. ಮೇಡಂ, 'ಗೆಲುವಿನ ಹೊಡೆತ' ನಾಲ್ಕರಲ್ಲಿ ಎರಡು ಕಡೆ ತಪ್ಪಾಗುತ್ತದೆ. ಎಚ್.ಕೆ. ಅವರದ್ದೂ ಅಷ್ಟೇ.

ಬೇಸ್‌ಬಾಲ್‌ನಲ್ಲಿ ಪ್ರತಿ ಇನಿಂಗ್‌ಗೆ ಎರಡು ಅರ್ಧ. ಮೊದಲರ್ಧದಲ್ಲಿ ಹೊರಗಿನಿಂದ ಬಂದ ತಂಡದ ಬ್ಯಾಟಿಂಗ್, ಎರಡನೆಯದರಲ್ಲಿ ತವರು ತಂಡದ್ದು. 9ನೇ ಇನಿಂಗ್‌ನ ಅಥವಾ ಅದರಾಚೆಯ ಯಾವುದೇ ಇನಿಂಗ್‌ನ ಎರಡನೇ ಅರ್ಧದಲ್ಲಿ ತವರು ತಂಡ ಒಂದು ಓಟ ಮುಂದೆ ಹೋಯಿತೋ, ಆಟ ಅಲ್ಲಿಗೇ ನಿಂತಿತು. ಉಳಿದ ಔಟ್‌ಗಳಿಗೆ ಬೆಲೆಯಿಲ್ಲ, ಎದುರು ತಂಡಕ್ಕೆ ಮತ್ತೆ ಸರದಿಯಿಲ್ಲ. ಅದೇ ವಾಕ್-ಆಫ್. ಬಂದ ತಂಡಕ್ಕೆ ಇದು ಎಂದೂ ದಕ್ಕುವುದಿಲ್ಲ.

ಬೂನ್ ಮತ್ತು ಒರ್ಟೀಸ್ ಇಬ್ಬರದ್ದೂ ವಾಕ್-ಆಫ್. ಡೆಂಟ್‌ದು ಅಲ್ಲವೇ ಅಲ್ಲ. 1978ರ ಅಕ್ಟೋಬರ್ 2ರ ಆ ಪಂದ್ಯ ಬಾಸ್ಟನ್ನಿನ ಫೆನ್ವೇ ಪಾರ್ಕ್‌ನಲ್ಲೇ ನಡೆದದ್ದು, ಡೆಂಟ್ ಬಂದ ತಂಡದವನು, ಹೊಡೆದದ್ದು 7ನೇ ಇನಿಂಗ್‌ನಲ್ಲಿ. 0–2 ಇದ್ದದ್ದು 3–2 ಆಯಿತು, ಪಂದ್ಯ ಮುಗಿದದ್ದು 5–4ಕ್ಕೆ. ವಿಡಿಯೊದಲ್ಲಿ ಯಾರಾದರೂ ಡೆಂಟ್‌ನನ್ನು ವಾಕ್-ಆಫ್ ಎಂದಿದ್ದರೆ ಬಾಯಿ ತಪ್ಪಿರಬೇಕು. ಇನ್ನೊಮ್ಮೆ ಕೇಳಿನೋಡಿ.

ಬಕ್ನರ್ ಪಂದ್ಯ ಪಕ್ಕಾ ವಾಕ್-ಆಫ್, ಆದರೆ ಅಲ್ಲಿ ಹೊಡೆತವೇ ಇಲ್ಲ. 1986ರ ವರ್ಲ್ಡ್ ಸೀರೀಸ್‌ನ (ವರ್ಷದ ಅಂತಿಮ ಸರಣಿ) ಆರನೇ ಪಂದ್ಯ, ನ್ಯೂಯಾರ್ಕಿನ ಶೇ ಸ್ಟೇಡಿಯಂ, 10ನೇ ಇನಿಂಗ್. ರೆಡ್ ಸಾಕ್ಸ್ 5–3 ಮುಂದೆ, ಎದುರಾಳಿ ಮೆಟ್ಸ್‌ನ ಇಬ್ಬರು ಔಟ್ (ಇನ್ನೊಬ್ಬ ಔಟಾದರೆ ಆಟ ಮುಗಿಯಿತು), ಬೇಸ್‌ಗಳ ಮೇಲೆ, ಅಂದರೆ ಓಟ ಪೂರೈಸಲು ಮುಟ್ಟಬೇಕಾದ ಠಾಣೆಗಳಲ್ಲಿ, ಯಾರೂ ಇಲ್ಲ. ಸಾಲಾಗಿ ಮೂರು ಸಿಂಗಲ್ (ಹೊಡೆದವನು ಮೊದಲ ಬೇಸ್ ತಲುಪುವ ಹಿಟ್), ಒಂದು ವೈಲ್ಡ್ ಪಿಚ್ (ಹಿಡಿಯಲಾಗದಂತೆ ದಾರಿ ತಪ್ಪಿದ ಎಸೆತ), ಆಟ ಸಮ. ಆಮೇಲೆ ಮೂಕಿ ವಿಲ್ಸನ್ ನೆಲಕ್ಕೆ ಉರುಳಿಸಿದ ಚೆಂಡು ಬಕ್ನರ್ ಕೈಗವಸಿನ ಕೆಳಗೆ ಹಾದುಹೋಯಿತು. ದಾಖಲೆಯಲ್ಲಿ ಅದು 'ಎರರ್', ಫೀಲ್ಡರ್‌ನ ತಪ್ಪು. 'ಗೆಲುವಿನ ಹೊಡೆತ' ಎಂದರೆ ವಿಲ್ಸನ್‌ಗೆ ಇಲ್ಲದ ಹಿಟ್ ಕೊಟ್ಟಂತೆ. (ಚೆಂಡು ನುಸುಳುವ ಮೊದಲೇ ಆಟ ಸಮವಾಗಿತ್ತು. ಎಲ್ಲ ಪಾಪ ಬಕ್ನರ್ ತಲೆಗೆ ಕಟ್ಟುವವರು ಇದನ್ನು ಮರೆಯುತ್ತಾರೆ.)

ಬ್ಯಾಟ್ ಬೀಸದೆಯೂ ವಾಕ್-ಆಫ್ ಆಗುತ್ತದೆ. ಮೂರೂ ಬೇಸ್ ತುಂಬಿದ್ದಾಗ ಪಿಚರ್ (ಚೆಂಡು ಎಸೆಯುವವನು) ನಾಲ್ಕು 'ಬಾಲ್', ಅಂದರೆ ಗುರಿತಪ್ಪಿದ ಎಸೆತ, ಎಸೆದರೆ ಬ್ಯಾಟ್ಸ್‌ಮನ್‌ಗೆ 'ವಾಕ್', ಪುಕ್ಕಟೆ ಮೊದಲ ಬೇಸ್; ಮೂರನೇ ಬೇಸ್‌ನವನು ನಡೆದುಕೊಂಡೇ ಮನೆ ಸೇರುತ್ತಾನೆ, ಅಂದರೆ ಓಟ ಪೂರೈಸುತ್ತಾನೆ. ಅದು ವಾಕ್-ಆಫ್ ವಾಕ್. 'ನಡೆ' ಎಂಬ ಧಾತು ಹಿಡಿದು ಪದ ಕಟ್ಟಲು ಹೊರಟರೆ ಇಲ್ಲಿ ಮುಗ್ಗರಿಸುತ್ತೀರಿ. ಹೀಗಾಗಿ ಹೊಡೆತ, ಏಟು, ಪೆಟ್ಟು ಯಾವುದೂ ಬೇಡ. ಹೋಮ್ ರನ್, ಸಿಂಗಲ್, ವಾಕ್, ಎರರ್ ನಾಲ್ಕಕ್ಕೂ ಹಿಂದೆ ಅಂಟಿಸಬಹುದಾದ ವಿಶೇಷಣ ಬೇಕು. ಇಲ್ಲವೇ ಕ್ರಿಯಾಪದ.

ವಿ.ರಾ.:

ಮುಗಿಹೊಡೆತ ಎಂದರೇನು? ಕೈ ಮುಗಿದು ಹೊಡೆದದ್ದೇ? 'ಸಮಾಪಕ' ಎಂದರೆ ತೀರಿತು. ಸಮಾಪಕ ಪ್ರಹಾರ, ಸಮಾಪಕ ಪ್ರಮಾದ. ಗು. ಅವರು ಕೇಳಿದ ವಿಶೇಷಣವೂ ಸಿಕ್ಕಿತು.

ಎಚ್.ಕೆ.:

ಕಡೆಯುವ ಕೋಲು ಕಡೆಗೋಲು. ಹಾಗೆಯೇ ಮುಗಿಸುವ ಹೊಡೆತ ಮುಗಿಹೊಡೆತ. ಹೊಡೆತ ಬೇಡವಾದರೆ ಮುಗಿಗೆಲುವು ಅನ್ನಿ. 'ಸಮಾಪಕ ಪ್ರಮಾದ' ಎಂದು ತೆರೆಯ ಮೇಲೆ ಬಂದರೆ ನೋಡುಗರು ಯಾವುದೋ ಕಚೇರಿಯ ಸುತ್ತೋಲೆ ಎಂದುಕೊಂಡಾರು.

ವಿ.ರಾ.:

ಕಡೆಯುವುದು ಸಕರ್ಮಕ, ಮುಗಿಯುವುದು ಅಕರ್ಮಕ. ಮುಗಿಸುವುದಕ್ಕೂ ಮುಗಿಯುವುದಕ್ಕೂ ವ್ಯತ್ಯಾಸ ಕಾಣದವರು ಪದ ಕಟ್ಟಲು ಹೊರಟರೆ ಹೀಗೇ ಆಗುವುದು. ನಿಮ್ಮ ಸಮಾಸಕ್ಕೆ 'ಮುಗಿದುಹೋಗುವ ಹೊಡೆತ' ಎಂದಷ್ಟೇ ಅರ್ಥ.

ಎಚ್.ಕೆ.:

ಸಕರ್ಮಕ ಅಕರ್ಮಕ ಇಟ್ಟುಕೊಂಡು ಆಡುಮಾತನ್ನು ಅಳೆಯಬೇಡಿ. ಅಂದಹಾಗೆ, ಗು. ಅವರು 'ಬ್ಯಾಟ್ಸ್‌ಮನ್' ಎಂದು ಬರೆದಿದ್ದಾರೆ. ಬೇಸ್‌ಬಾಲ್‌ನಲ್ಲಿ ಅದು ಬ್ಯಾಟರ್. ನಮಗೆ ಎರಡಕ್ಕೂ ದಾಂಡಿಗ ಇದೆಯಲ್ಲ. ಚಿನ್ನಿದಾಂಡಿನ ದಾಂಡು, ಅಪ್ಪಟ ಕನ್ನಡ.

ವಿ.ರಾ.:

ದಾಂಡು ಬಂದದ್ದು 'ದಂಡ'ದಿಂದ. ದಂಡ ಸಂಸ್ಕೃತ.

ಎಚ್.ಕೆ.:

ಆ 'ದಂಡ'ವೇ ನಮ್ಮ 'ದಂಟಿ'ನಿಂದ ಹೋದದ್ದು. ಹರಿವೆ ದಂಟು, ಜೋಳದ ದಂಟು. ಕೊಟ್ಟವರು ನಾವು, ಈಗ ಸಾಲ ತಂದವರ ಹಾಗೆ ಕೂತಿದ್ದೇವೆ.

ವಿ.ರಾ.:

ಇದನ್ನು ಆರು ತಿಂಗಳಿಗೊಮ್ಮೆ ಹೇಳುತ್ತೀರಿ. 'ದಾಂಡಿಗನ ಹಾಗಿದ್ದಾನೆ' ಎಂದರೆ ಇಂದಿಗೂ ಗಟ್ಟಿಮುಟ್ಟಾದ ಆಳು ಎಂದೇ ಅರ್ಥ. ಬ್ಯಾಟು ಹಿಡಿದವನೆಂಬ ಅರ್ಥವನ್ನು ಆಟದ ಸುದ್ದಿ ಬರೆಯುವವರು ಹಚ್ಚಿದ್ದು. ಅದರಲ್ಲಿ ತಪ್ಪೇನಿಲ್ಲ, ಆದರೆ ಅಪ್ಪಟತನದ ಮಾತು ಬೇಡ.

ಸು.:

ಹಿರಿಯರು ದಯವಿಟ್ಟು ಗಡಿಯಾರ ನೋಡಬೇಕು. ಈಗ ಏಳು ಗಂಟೆ.

ಡೆಂಟ್ ಭಾಗ ಮತ್ತೆ ಕೇಳಿದೆ. ಅವರು ವಾಕ್-ಆಫ್ ಎಂದಿಲ್ಲ, ನಾನೇ ಸೇರಿಸಿದ್ದೆ. ಗು. ಅವರಿಗೆ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಒಂದು, ಒರ್ಟೀಸ್‌ನ ಅದೇ ಪಂದ್ಯದ 9ನೇ ಇನಿಂಗ್‌ನಲ್ಲಿ ರೆಡ್ ಸಾಕ್ಸ್‌ನ ಡೇವ್ ರಾಬರ್ಟ್ಸ್ ಮಾಡಿದ 'ಸ್ಟೀಲ್'. 'ಓಟ ಕದ್ದ' ಎನ್ನಬಹುದೇ? ಎರಡು, ಒರ್ಟೀಸ್‌ನ ಅಡ್ಡಹೆಸರು 'ಬಿಗ್ ಪಾಪಿ'. ಕನ್ನಡದಲ್ಲಿ ಹಾಗೇ ಬರೆದರೆ ಮಹಾಪಾಪಿ ಆಗಿಬಿಡುತ್ತಾನೆ. ಅಭಿಮಾನಿಯೊಬ್ಬರು ಕಣ್ಣೀರು ಒರೆಸಿಕೊಂಡು 'ಪಾಪಿ, ಪಾಪಿ' ಎನ್ನುವ ಜಾಗವಿದೆ. ಶಾಪ ಹಾಕಿದಂತೆ ಕಾಣುತ್ತದೆ.

ಗು.:

'ಓಟ ಕದ್ದ' ಬೇಡ. ಕ್ರಿಕೆಟ್ ಓದುಗರಿಗೆ ಅದು ಫೀಲ್ಡರ್ ಕಣ್ಣು ತಪ್ಪಿಸಿ ಒಂಟಿ ಓಟ ತೆಗೆದದ್ದು. ಇಲ್ಲಿ ರಾಬರ್ಟ್ಸ್ ಓಟವನ್ನು ಕದ್ದಿಲ್ಲ, ಎರಡನೇ ಬೇಸ್ ಕದ್ದ, ಅಂದರೆ ಯಾರೂ ಹೊಡೆಯದಿದ್ದರೂ ಎಸೆತದ ಹೊತ್ತಿಗೇ ಓಡಿ ಮುಂದಿನ ಬೇಸ್ ಹಿಡಿದ. 'ಬೇಸ್ ಕದ್ದ' ಎಂದರೆ ಸಾಕು.

ಆ ದೃಶ್ಯದ ಕ್ರಮ ಇಟ್ಟುಕೊಳ್ಳಿ, ಸಾಲು ಒಡೆಯಲು ಬೇಕಾಗುತ್ತದೆ. ಯಾಂಕೀಸ್ 4–3 ಮುಂದೆ, ಎಸೆಯುತ್ತಿದ್ದವನು ಮರಿಯಾನೊ ರಿವೇರಾ. ಕೆವಿನ್ ಮಿಲ್ಲರ್‌ಗೆ ವಾಕ್ ಸಿಕ್ಕಿತು. ಅವನ ಬದಲು ಓಡಲು ರಾಬರ್ಟ್ಸ್ ಬಂದ. ರಿವೇರಾ ಅವನನ್ನು ಹಿಡಿದುಹಾಕಲು ಮೂರು ಸಲ ಮೊದಲ ಬೇಸ್‌ಗೆ ಎಸೆದ. ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ರಾಬರ್ಟ್ಸ್ ಓಡಿ ಎರಡನೇ ಬೇಸ್ ಮುಟ್ಟಿದ. ಬಿಲ್ ಮ್ಯೂಲರ್‌ನ ಸಿಂಗಲ್‌ಗೆ ಮನೆ ಸೇರಿದ, 4–4. ಮೂರು ಇನಿಂಗ್ ಬಿಟ್ಟು ಒರ್ಟೀಸ್. ಆಗ ನಡುರಾತ್ರಿ ದಾಟಿ 1 ಗಂಟೆ 22 ನಿಮಿಷ. ಹಾಗಾಗಿ ಮಾತಿನಲ್ಲಿ ಒಮ್ಮೆ 17, ಒಮ್ಮೆ 18 ಎಂದು ತಾರೀಖು ಬಂದರೆ ಎರಡೂ ಸರಿ, ತಿದ್ದಲು ಹೋಗಬೇಡಿ.

ಒಂದು ಸೂಕ್ಷ್ಮ. ಗೆಲ್ಲಲು ಒಂದು ಓಟ ಸಾಕಿತ್ತು. ಮ್ಯಾನಿ ರಮಿರೆಜ್ ಬೇಸ್ ಮೇಲಿದ್ದ, ಚೆಂಡು ಬೇಲಿ ದಾಟಿತು, ಇಬ್ಬರದ್ದೂ ಎಣಿಕೆಗೆ ಬಂತು, 6–4. ಹೋಮ್ ರನ್ ಆದರೆ ಎಲ್ಲರ ಓಟವೂ ಸೇರುತ್ತದೆ. ಬೇರೆ ಹಿಟ್ ಆದರೆ ಗೆಲುವಿನ ಓಟದ ಹೊತ್ತಿಗೆ ಆಟ ಬಂದ್. ಅದಕ್ಕೇ 1999ರಲ್ಲಿ ಮೆಟ್ಸ್‌ನ ರಾಬಿನ್ ವೆಂಚುರಾ ಬೇಸ್ ತುಂಬಿದ್ದಾಗ ಬೇಲಿಯಾಚೆ ಹೊಡೆದೂ ಸಿಂಗಲ್ ಅಷ್ಟೇ ಪಡೆದ. ಜೊತೆಗಾರರು ನಡುದಾರಿಯಲ್ಲೇ ಅವನನ್ನು ಹೊತ್ತುಕೊಂಡರು, ಅವನು ಎರಡನೇ ಬೇಸ್ ಮುಟ್ಟಲೇ ಇಲ್ಲ. ನಾಲ್ಕು ಓಟದ ಜಾಗದಲ್ಲಿ ಒಂದು, 4–3. ನಮ್ಮವರಿಗೆ ಹೇಳುವುದಾದರೆ 2010ರಲ್ಲಿ ದಂಬುಲ್ಲಾದಲ್ಲಿ ಸೆಹ್ವಾಗ್ 99ಕ್ಕೆ ನಿಂತದ್ದು. ಸಿಕ್ಸರ್ ಹೊಡೆದರೂ ನೋಬಾಲ್‌ನ ಒಂದು ಓಟಕ್ಕೇ ಪಂದ್ಯ ಮುಗಿದಿತ್ತು.

ಇನ್ನು ಪಾಪಿ. ಅದು ಡೊಮಿನಿಕನ್ನರ ಸ್ಪ್ಯಾನಿಷ್, ಅಪ್ಪ ಎಂಬುದರ ಮುದ್ದಿನ ರೂಪ. ಎದುರಿಗೆ ಬಂದವರನ್ನೆಲ್ಲ ಹಾಗೆ ಕರೆಯುತ್ತಾರೆ, ನಾವು 'ಏನಪ್ಪಾ', 'ಬಾರಪ್ಪಾ' ಅನ್ನುವುದಿಲ್ಲವೇ, ಹಾಗೆ. ಅಕ್ಷರಶಃ ತಂದರೆ ದೊಡ್ಡಪ್ಪ! ನಗು ಬಂದರೂ ಭಾವ ಸರಿಯಾಗಿದೆ. ಆದರೆ ಅಂಗಿಯ ಮೇಲೆ, ಫಲಕಗಳ ಮೇಲೆ ಅಭಿಮಾನಿಗಳು ಬರೆದುಕೊಂಡ ಹೆಸರು ತೆರೆಯಲ್ಲಿ ಕಾಣುತ್ತಿರುತ್ತದೆ, ಬದಲಿಸುವುದು ಸರಿಯಲ್ಲ. ಮೊದಲ ಸಲ 'ಬಿಗ್ ಪಾಪಿ' ಎಂದು ಉದ್ಧರಣ ಚಿಹ್ನೆಯಲ್ಲಿಡಿ. ಅಳುವ ಜಾಗದಲ್ಲಿ 'ಅಪ್ಪಾ, ನನ್ನಪ್ಪಾ' ಎಂದು ಹಾಕಿ. ಅಲ್ಲಿ ಅದೇ ನಿಜವಾದ ಅನುವಾದ.

ಮಾ.:

ತಡವಾಗಿ ನೋಡಿದೆ. ಜಪಾನಿನವರು ಇದಕ್ಕೆ ಏನನ್ನುತ್ತಾರೆ ಗೊತ್ತೇ? 'ಸಯೋನರಾ ಹೋಮ್ ರನ್'. ಸಯೋನರಾ ಎಂದರೆ ಬೀಳ್ಕೊಡುವ ಮಾತು. ಹೋಮ್ ರನ್ನನ್ನು ಇಂಗ್ಲಿಷಿನಿಂದ ತಂದು, ಅದರ ಹಿಂದೆ ತಮ್ಮ ಮನೆಯ ಪದ ಅಂಟಿಸಿದರು. ಸಯೋನರಾ ಹಿಟ್, ಸಯೋನರಾ ಎರರ್, ಎಲ್ಲಕ್ಕೂ ನಡೆಯುತ್ತದೆ. ನಮ್ಮಲ್ಲೂ ಅಂಥ ಪದವಿದೆ: ಮಂಗಳ. ಕಛೇರಿ ಮುಗಿಯುವುದು ಮಂಗಳದಿಂದ, ರಾತ್ರಿಯಿಡೀ ನಡೆದ ಯಕ್ಷಗಾನ ಮುಗಿಯುವುದೂ ಮಂಗಳದಿಂದ. ಮಂಗಳ ಹಾಡಿದ ಮೇಲೆ ಯಾರೂ ಕೂತಿರುವುದಿಲ್ಲ, ಚಾಪೆ ಮಡಚುತ್ತಾರೆ. 'ಒರ್ಟೀಸ್ ಆಟಕ್ಕೆ ಮಂಗಳ ಹಾಡಿದ.' ರಾತ್ರಿ ಒಂದೂವರೆಯ ಪಂದ್ಯಕ್ಕೆ ಇದಕ್ಕಿಂತ ಬೇಕೇ?

ವಿ.ರಾ.:

ಮಂಗಳ ಆದಿಯಲ್ಲೂ ಇದೆ, ಮಧ್ಯದಲ್ಲೂ ಇದೆ. ಮಂಗಳಾಚರಣೆ ಎಂದರೆ ಗ್ರಂಥಾರಂಭ. ಕೊನೆಗಷ್ಟೇ ಎಂದು ಯಾರು ಹೇಳಿದ್ದು?

ಮಾ.:

ಮಂಗಳಾಚರಣೆ ಬೇರೆ, ಮಂಗಳ ಹಾಡುವುದು ಬೇರೆ. 'ಅವನ ವ್ಯಾಪಾರಕ್ಕೆ ಮಂಗಳ ಹಾಡಿದರು' ಎಂದರೆ ಅಂಗಡಿ ತೆರೆದರು ಎಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲ ಸ್ವಾಮಿ.

ಎಚ್.ಕೆ.:

ಮಂಗಳವೂ ಸಂಸ್ಕೃತವೇ. ಜಪಾನಿನವರನ್ನು ಎಳೆದು ತಂದಿರಲ್ಲ, ಯುದ್ಧದ ಕಾಲದಲ್ಲಿ ಅವರು ಅಂಪೈರ್ ಕೂಗುವ 'ಸ್ಟ್ರೈಕ್' ತೆಗೆದು 'ಯೋಷಿ' ಎಂದು ಕೂಗಿಸಿದ್ದನ್ನೂ ಹೇಳಿ. ಮನಸ್ಸು ಮಾಡಿದರೆ ಆಗುತ್ತದೆ.

ಗು.:

ಮಾಡಿಸಿದ್ದು ಮನಸ್ಸಲ್ಲ, ಯುದ್ಧಕಾಲದ ಒತ್ತಡ. ಯುದ್ಧ ಮುಗಿದ ಮೇಲೆ ಅಂಪೈರ್‌ಗಳ ಬಾಯಿಗೆ ಸ್ಟ್ರೈಕ್ ವಾಪಸ್ ಬಂತು. ನಮ್ಮಲ್ಲಿ ವಿಕೆಟ್‌ಗೆ 'ಹುದ್ದರಿ' ಎಂದು ಪತ್ರಿಕೆಗಳು ಬರೆದವು, ಬೀದಿಯಲ್ಲಿ ಆಡುವ ಯಾವ ಹುಡುಗ 'ಹುದ್ದರಿ ಬಿತ್ತು' ಎಂದು ಕಿರುಚಿದ? ಅವನಿಗೆ ವಿಕೆಟ್ಟೂ ಗೊತ್ತು, ಗೂಟವೂ ಗೊತ್ತು.

ಮಂಗಳಕ್ಕೆ ನನ್ನ ಒಪ್ಪಿಗೆ ಇದೆ, ಒಂದು ಕೊರತೆ ಮಾತ್ರ. ಗೆದ್ದದ್ದು ತವರು ತಂಡ ಎಂಬುದು ಅದರಲ್ಲಿಲ್ಲ. ಬಂದ ತಂಡದ ಪಿಚರ್ ಕೊನೆಯ ಬ್ಯಾಟರ್‌ನನ್ನು ಔಟ್ ಮಾಡಿದರೂ ಮಂಗಳ ಹಾಡಿದ ಎನ್ನಬಹುದು. ಸ್ಪ್ಯಾನಿಷಿನವರು ಆ ಎಳೆ ಹಿಡಿದಿದ್ದಾರೆ, ಎದುರಾಳಿಯನ್ನು 'ಮೈದಾನದಲ್ಲೇ ಬಿಟ್ಟರು' ಎನ್ನುತ್ತಾರೆ. ಫೀಲ್ಡಿಂಗ್‌ಗೆ ನಿಂತವರು ನಿಂತಲ್ಲೇ ಸೋತರು ಎಂದು. ಇಂಗ್ಲಿಷ್ ಪದದಲ್ಲೂ ನಡೆದುಹೋಗುವವನು ಸೋತ ಪಿಚರ್, ಗೆದ್ದವನಲ್ಲ. ಅದನ್ನು ಚಲಾವಣೆಗೆ ತಂದವನು ಎಂದು ಹೆಸರಾದ ಡೆನಿಸ್ ಎಕರ್ಸ್ಲಿ ತಾನೇ ಪಿಚರ್. 1988ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಕರ್ಕ್ ಗಿಬ್ಸನ್ ಹೊಡೆದಾಗ ನಡೆದುಹೋದವನೂ ಅವನೇ.

ಹಾಗಾಗಿ ಬೂನ್ ದೃಶ್ಯದಲ್ಲಿ, ಸೋತ ರೆಡ್ ಸಾಕ್ಸ್ ಪಿಚರ್ ವೇಕ್‌ಫೀಲ್ಡ್ ತಲೆ ತಗ್ಗಿಸಿ ಹೊರಡುವಾಗ, ಸ್ಪ್ಯಾನಿಷ್ ಜಾಡು ಹಿಡಿಯಿರಿ. ಉಳಿದ ಕಡೆ ಮಂಗಳ. ಆದರೆ ಅಂಕಿಅಂಶದ ಸಾಲುಗಳಲ್ಲಿ 'ವಾಕ್-ಆಫ್' ಎಂದೇ ಬಿಡಿ. 'ವೃತ್ತಿಜೀವನದಲ್ಲಿ ಇಷ್ಟು ಮಂಗಳ' ಎಂದರೆ ಮದುವೆಮನೆ ಆಗುತ್ತದೆ.

ಎಚ್.ಕೆ.:

ಅಂತೂ ಇಂಗ್ಲಿಷ್ ಉಳಿಯಿತು. ಬರೆದುಕೊಳ್ಳಿ, ಹತ್ತು ವರ್ಷದಲ್ಲಿ ಮುಗಿಗೆಲುವು ನಿಲ್ಲುತ್ತದೆ.

ವಿ.ರಾ.:

ಕಡೆಗೋಲಿನಿಂದ ಕಡೆದು ನೋಡಿ, ಬೆಣ್ಣೆ ಬಂದರೆ ತಿಳಿಸಿ.

ಸು.:

ಕಳಿಸಿದೆ. ಹೋದ ಸಾಲುಗಳು:

ಒರ್ಟೀಸ್: 'ಹೋಮ್ ರನ್! ಆಟಕ್ಕೆ ಅಲ್ಲೇ ಮಂಗಳ!'
ಬೂನ್: 'ಒಂದೇ ಏಟು. ನಾವು ನಿಂತಲ್ಲೇ ಸೋತೆವು.'
ಬಕ್ನರ್: 'ಚೆಂಡು ಕಾಲಡಿ ನುಸುಳಿತು, ಆಟಕ್ಕೆ ಮಂಗಳ.'
ಡೆಂಟ್: 'ನಮ್ಮ ಮುನ್ನಡೆ ಆ ಹೋಮ್ ರನ್‌ಗೆ ಹೋಯಿತು.'
ಅಂಕಿಅಂಶದ ಮೂರು ಕಡೆ ವಾಕ್-ಆಫ್. ಅಳುವ ಜಾಗದಲ್ಲಿ 'ಅಪ್ಪಾ, ನನ್ನಪ್ಪಾ'.

ವಿ.ರಾ.:

ನಿಮ್ಮ ಮೊದಲ ಪತ್ರದಲ್ಲಿ '12ನೇ ಇನಿಂಗ್' ಎಂದಿದೆ, 'ಸ್' ಬಿಟ್ಟುಹೋಗಿದೆ. ಕಡತದಲ್ಲಾದರೂ ತಿದ್ದಿದ್ದೀರಾ?

ಸು.:

ಬಿಟ್ಟುಹೋಗಿಲ್ಲ ಸರ್. ಕ್ರಿಕೆಟ್‌ನಲ್ಲಿ ಒಂದಾದರೂ ಇನಿಂಗ್ಸ್, ಬೇಸ್‌ಬಾಲ್‌ನಲ್ಲಿ ಒಂದಕ್ಕೆ ಇನಿಂಗ್.